ಕೋಳಿಗಳ ಅಳತೆಗೆ ಹೊಲಿದ ತೋಟ

ನಮ್ಮ ಬೀದಿಯಲ್ಲಿ ಕೋಳಿಗೆ ಟೇಪು ಹಿಡಿದು ಅಳತೆ ತೆಗೆದವರು ಒಬ್ಬರೇ. ಎಲ್ಲರೂ ಅವರನ್ನು ಟೈಲರಕ್ಕ ಅನ್ನುತ್ತಾರೆ. ಅವರ ಹಿತ್ತಲಿಗೂ ನನ್ನ ಹಿತ್ತಲಿಗೂ ನಡುವೆ ಎದೆಮಟ್ಟದ ಗೋಡೆ. ಅದರ ಮೇಲೆ ಮೊಣಕೈ ಊರಿ ನಿಲ್ಲುವುದೇ ನನ್ನ ಮುಖ್ಯ ವ್ಯಾಯಾಮವಾದ್ದರಿಂದ ಈ ಕಥೆಯಲ್ಲಿ ನಾನು ಕಾಣದ ಭಾಗ ಬಹಳ ಕಡಿಮೆ.

ಟೈಲರಕ್ಕ ಮೂವತ್ತು ವರ್ಷ ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ನು ತುಳಿದು ಅರ್ಧ ಬೀದಿಗೆ ಬಟ್ಟೆ ಹೊಲಿದವರು. ನಿಮಗೆ ಹೊಟ್ಟೆ ಬಂದಿದೆ ಎಂದು ಇದುವರೆಗೆ ಯಾರಿಗೂ ಹೇಳಿಲ್ಲ. ನಾನು ವರ್ಷಕ್ಕೊಮ್ಮೆ ಪ್ಯಾಂಟಿನ ಸೊಂಟ ಬಿಡಿಸಲು ಹೋದಾಗಲೂ, "ಈ ಬಟ್ಟೆನೇ ಹಾಗೆ ರೀ, ಒಗೆದಷ್ಟೂ ಕುಗ್ಗುತ್ತೆ" ಅನ್ನುತ್ತಾರೆ. ನಾನೂ ಬಟ್ಟೆಯನ್ನೇ ಬೈಯುತ್ತಾ ಮನೆಗೆ ಬರುತ್ತೇನೆ.

ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ಅವರು ಮತ್ತು ಏಳು ಕೋಳಿಗಳು. ಕಳೆದ ವರ್ಷ ಅವರ ಅಕ್ಕ ಅಲ್ಲಿಗೆ ಬಂದು ಸೇರಿದರು. ಅಕ್ಕ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿ ನಿವೃತ್ತರಾದವರು. ಕೆಮ್ಮುವವರೂ ಅವರ ಅನುಮತಿ ಕೇಳಿ ಕೆಮ್ಮಬೇಕು, ಅಂಥ ಗತ್ತು. ಜೊತೆಯಲ್ಲಿ ಇಪ್ಪತ್ತೆರಡು ಗುಲಾಬಿ ಗಿಡ ತಂದು, ಮಾರನೆಯ ದಿನವೇ ಹಿತ್ತಲಲ್ಲಿ ನೆಡಿಸಿದರು. ಕೋಳಿಗಳು ಇದನ್ನು ತಮಗೆ ಮಾಡಿದ ಸನ್ಮಾನ ಎಂದು ತಿಳಿದು ಬುಡ ಕೆದರಿ ಮೂರು ಗಿಡ ಮಲಗಿಸಿದವು.

"ಈ ಮನೇಲಿ ಒಂದೋ ಅವು ಇರ್ಬೇಕು, ಇಲ್ಲ ನಾನು," ಅಂದರು ಅಕ್ಕ. "ಎರಡು ತಿಂಗಳು ನೋಡ್ತೀನಿ. ನನ್ನ ಫ್ರೆಂಡ್ ಮನೆ ಮಹಡಿ ಮೇಲೆ ರೂಮು ಖಾಲಿ ಇದೆ."

"ಅಕ್ಕಾ, ನೀನು ಬಂದು ಮೂರು ದಿನ ಆಗಿಲ್ಲ!"

"ಮೂರು ಗಿಡ ಆಗ್ಲೇ ಹೋಯ್ತಲ್ಲೇ."

ನಲವತ್ತು ವರ್ಷ ಬೇರೆ ಬೇರೆ ಊರುಗಳಲ್ಲಿದ್ದು, ಈಗ ಒಂದೇ ಒಲೆಯ ಮುಂದೆ ಕೂತ ಅಕ್ಕತಂಗಿಯರು. ಅಕ್ಕ ಹೋಗುವುದು ಟೈಲರಕ್ಕನಿಗೆ ಸುತರಾಂ ಬೇಡ. ಕೋಳಿ ಕೊಡುವುದಕ್ಕೂ ಮನಸ್ಸಿಲ್ಲ. ಕೋಳಿಗಳನ್ನು ಗೂಡಿನಲ್ಲಿ ಕೂಡಿಹಾಕಿಬಿಡಿ ಎಂದು ನಾನು ಸಲಹೆ ಕೊಟ್ಟೆ.

"ದಿನವೆಲ್ಲ ಕೂತಲ್ಲೇ ಕೂರೋದು ಏನು ಅಂತ ನನಗೆ ಗೊತ್ತು ರೀ," ಅಂದರು. "ಅವಾದ್ರೂ ಓಡಾಡ್ಲಿ."

ಹಾಗಾದರೆ ತಂತಿಬೇಲಿ ಹಾಕಿ ಅಂದೆ. ಅವರು ನಯವಾಗಿ ನನ್ನ ಹಿತ್ತಲಿನ ಕಡೆ ನೋಡಿದರು. ಅಲ್ಲಿ ನಾನೇ ಹಾಕಿದ ಬೇಲಿ ಇದೆ. ಅವರ ಕೋಳಿಗಳು ಅದರ ಒಳಗಿರುತ್ತವೆ, ನಾನು ಹೊರಗಿರುತ್ತೇನೆ. ಮತ್ತೆ ಸಲಹೆ ಕೊಡಲಿಲ್ಲ.

ಮೊದಲ ಹತ್ತು ದಿನ ಟೈಲರಕ್ಕ ಒಂದು ಕಡ್ಡಿಯನ್ನೂ ನೆಡಲಿಲ್ಲ. ಮಿಷನ್ನನ್ನು ಹಿಂದಿನ ಕಿಟಕಿಗೆ ತಂದಿಟ್ಟುಕೊಂಡು, ಹೊಲಿಯುತ್ತಾ ನೋಡುತ್ತಾ ಕೂತರು. ನೆಲಕ್ಕೆ ಬೂದಿ ಚೆಲ್ಲಿ, ಯಾವ ಕೋಳಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಹೆಜ್ಜೆ ಗುರುತು ಹಿಡಿದರು. ಬಟ್ಟೆ ಕತ್ತರಿಸುವ ಖಾಕಿ ಕಾಗದದ ಮೇಲೆ ಹಿತ್ತಲಿನ ನಕ್ಷೆ ಬರೆದರು. ಆಮೇಲೆ ಎಲ್ಲಕ್ಕಿಂತ ಎತ್ತರದ ಕೆಂಚು ಕೋಳಿಯನ್ನು ಕಂಕುಳಲ್ಲಿ ಇರುಕಿಕೊಂಡು ಪಾದದಿಂದ ನೆತ್ತಿಯವರೆಗೆ ಅಳೆದರು. ಗಿರಾಕಿ ವಿಪರೀತ ಅಲುಗಾಡಿತು.

ತೋಟ ಎದ್ದ ರೀತಿ ನೋಡಬೇಕಿತ್ತು. ಕೋಳಿಗಳು ತುಳಿದ ದಾರಿಯನ್ನೇ ಜಲ್ಲಿ ಹಾಕಿ ಕಾಲುದಾರಿ ಮಾಡಿದರು. ಅವು ಹೋಗದ ಕಡೆ ಹೂವಿನ ಮಡಿ. ಪೊದೆಗಳ ಕೆಳಗಿನ ಕೊಂಬೆಗಳನ್ನು, ಲಂಗದ ಅಂಚು ಮಡಚಿದಂತೆ, ಕೆಂಚು ಕೋಳಿಯ ನೆತ್ತಿಗಿಂತ ನಾಲ್ಕು ಬೆರಳು ಮೇಲಕ್ಕೆ ಕತ್ತರಿಸಿದರು. ಹದ್ದು ಬಂದರೆ ಓಡಿ ಅಡಗಲು ಜಾಗವಾಯಿತು, ಎಲೆಯೂ ಉಳಿಯಿತು. ಗುಲಾಬಿ ಬುಡಕ್ಕೆ ಚಪ್ಪಟೆ ಕಲ್ಲು ಜೋಡಿಸಿದರು. ಎಳೆ ಸಸಿಗಳು ಬೇರು ಬಿಡುವ ತನಕ ಬುಟ್ಟಿ ಬೋರಲು ಹಾಕಿಕೊಂಡು ಕೂತವು. ಬಿಸಿಲು ಬೀಳುವ ಮೂಲೆಯಲ್ಲಿ ಮರಳು, ಬೂದಿ ತುಂಬಿದ ಗುಂಡಿ. ಹತ್ತು ಗಂಟೆಗೆ ಏಳೂ ಅಲ್ಲಿ ಮಣ್ಣಿನ ಸ್ನಾನಕ್ಕೆ ಬಿದ್ದುಕೊಳ್ಳುತ್ತಿದ್ದವು. ಹಳದಿ, ಕೆಂಪು, ಬಿಳಿ ಹೂಗಳ ನಡುವೆ ಕೋಳಿಗಳು ಅಡ್ಡಾಡುತ್ತಿದ್ದರೆ ಅವನ್ನೂ ಬಣ್ಣ ನೋಡಿಯೇ ಆರಿಸಿ ಬಿಟ್ಟಂತೆ ಕಾಣುತ್ತಿತ್ತು. ಬೀದಿಯವರು ನೆಪ ಹುಡುಕಿಕೊಂಡು ಹಿತ್ತಲಿಗೆ ಬರತೊಡಗಿದರು.

ಅಕ್ಕ ಮಾತ್ರ ಸೋಲಲಿಲ್ಲ. ಅಡುಗೆಮನೆ ಬಾಗಿಲ ಹತ್ತಿರದ ನಾಲ್ಕು ಗುಲಾಬಿಗಳ ಬುಡ ದಿನವೂ ಕೆದರಿರುತ್ತಿತ್ತು. ಕಲ್ಲು ಇಟ್ಟರೆ ಕಲ್ಲು ಪಕ್ಕಕ್ಕೆ. ದೊಡ್ಡ ಕಲ್ಲು ಇಟ್ಟರೆ ಅದೂ ಪಕ್ಕಕ್ಕೆ.

"ಕಲ್ಲು ಎತ್ತೋ ಕೋಳಿ ಸಾಕಿದೀಯಲ್ಲೇ, ಸರ್ಕಸ್ಸಿಗೆ ಕೊಡು! ಇನ್ನು ನಾಲ್ಕೇ ದಿನ ಇರೋದು," ಅಂದರು ಅಕ್ಕ.

ಮರುದಿನ ಬೆಳಿಗ್ಗೆ ಆರೂವರೆಗೆ ಟೈಲರಕ್ಕ ಕಿಟಕಿಯಲ್ಲಿ ಕೂತರು. ನಾನು ಗೋಡೆಗೆ ಬಂದೆ. ಅಕ್ಕ ಚಿಕ್ಕ ಗುದ್ದಲಿ ಹಿಡಿದು ಹೊರಗೆ ಬಂದರು. ಕಲ್ಲುಗಳನ್ನು ಸರಿಸಿ, ಬೇರಿಗೆ ಗಾಳಿ ಆಡಲಿ ಎಂದು ನಾಲ್ಕೂ ಗಿಡದ ಬುಡ ಚೆನ್ನಾಗಿ ಅಗೆದು, ಕಲ್ಲು ವಾಪಸ್ ಇಡುವುದನ್ನು ಮರೆತು ಒಳಗೆ ಹೋದರು. ಎರೆಹುಳು ಮೇಲೆದ್ದವು. ಏಳು ಕೋಳಿಗಳೂ ತಿಂಡಿಗೆ ಕರೆದಂತೆ ಹಾಜರು.

ನಾನು ಬಾಯಿ ತೆರೆದೆ. ಟೈಲರಕ್ಕ ತುಟಿಯ ಮೇಲೆ ಬೆರಳಿಟ್ಟರು. ಅವರ ಜಾಗದಲ್ಲಿ ನಾನಿದ್ದಿದ್ದರೆ ಅಷ್ಟು ಹೊತ್ತಿಗೆ ಇಡೀ ಬೀದಿಗೆ ಸುದ್ದಿ ಮುಟ್ಟಿ, ಅಕ್ಕ ಅವಮಾನದಿಂದ ಆಟೋದಲ್ಲಿ ಕೂತಿರುತ್ತಿದ್ದರು.

ಟೈಲರಕ್ಕ ಆ ದಿನವೇ ಗೋಡೆಯ ಪಕ್ಕ ಒಂದು ಉದ್ದನೆಯ ಮಡಿ ಮಾಡಿ, ಎಲೆಗೊಬ್ಬರ ತುಂಬಿ, ಅಕ್ಕನನ್ನು ಕರೆದರು.

"ಅಕ್ಕಾ, ಇವಕ್ಕೆ ಒಂದು ಶಿಸ್ತು ಕಲಿಸ್ಬೇಕು. ಬೆಳಿಗ್ಗೆ ಇಲ್ಲೇ ತಿನ್ಬೇಕು, ಬೇರೆಲ್ಲೂ ಬಾಯಿ ಹಾಕ್ಬಾರ್ದು. ನಾನು ಅಗೆದ್ರೆ ಮಾತು ಕೇಳೋಲ್ಲ. ಗುಲಾಬಿ ಬಿಟ್ಟು ಒಂದು ವಾರ ಇದನ್ನ ನೀನು ನೋಡ್ಕೋ."

"ನಿನಗೆಲ್ಲಿ ಬರ್ಬೇಕು ಅದು," ಎಂದು ಅಕ್ಕ ಗುದ್ದಲಿ ಎತ್ತಿಕೊಂಡರು.

ಅವರು ಅಗೆದರು, ಕೋಳಿಗಳು ತಿಂದವು, ತಿಂದು ಮಣ್ಣಿನ ಸ್ನಾನಕ್ಕೆ ಹೋದವು. ಗುಲಾಬಿಯ ಬುಡದ ಕಲ್ಲು ಇಟ್ಟಲ್ಲೇ ಇತ್ತು. ಐದನೆಯ ದಿನ ಮಹಡಿ ರೂಮಿನ ಗೆಳತಿ ಫೋನ್ ಮಾಡಿದರು. ಅಕ್ಕ ಹಿತ್ತಲಲ್ಲೇ ನಿಂತು, ವಾರ್ಡಿಗೆಲ್ಲ ಕೇಳಿಸುವ ಹಳೆಯ ದನಿಯಲ್ಲಿ ಮಾತಾಡಿದರು.

"ಬರೋಕಾಗಲ್ಲ ಕಣೇ, ರೂಮು ಬೇರೆಯವರಿಗೆ ಕೊಡು. ಏಳು ಕೋಳಿ ಪಳಗಿಸಿದೀನಿ, ಈಗ ಬಿಟ್ಟು ಬಂದ್ರೆ ಕೆಟ್ಟುಹೋಗ್ತವೆ. ನಮ್ಮ ಹುಡುಗಿಗೆ ಹೊಲಿಗೆ ಬಿಟ್ರೆ ಏನೂ ಗೊತ್ತಾಗಲ್ಲ."

ಅರವತ್ತೆರಡು ವರ್ಷದ ಆ ಹುಡುಗಿ ಕಿಟಕಿಯ ಹಿಂದೆ ತಲೆ ತಗ್ಗಿಸಿಕೊಂಡು ಮಿಷನ್ನನ್ನು ಜೋರಾಗಿ ತುಳಿಯುತ್ತಿದ್ದರು. ಸೂಜಿಯಲ್ಲಿ ದಾರ ಇರಲಿಲ್ಲ.