ಎರಡು ಸಲ ಒತ್ತಿದ ಕೈ

ಬೀಳುವುದೂ ಒಂದು ವಿದ್ಯೆ ಎಂದರೆ ನಗುವವರು ಇಬ್ರಾಹಿಂಪುರದ ಸಾಬಣ್ಣನನ್ನು ಕಂಡವರಲ್ಲ. ರೈಲ್ವೆ ಗೇಟಿನ ಹತ್ತಿರ ಸೈಕಲ್ಲುಗಳಿಗೆ ಪಂಕ್ಚರ್ ಹಾಕುವ ಈ ಅರವತ್ತೆಂಟರ ಮನುಷ್ಯ, ಒಂದು ಕಾಲಕ್ಕೆ 'ಡೋಣಿ ಹುಲಿಗಳು' ಎಂಬ ಹೆಸರುವಾಸಿ ಕುಸ್ತಿ ತಂಡದಲ್ಲಿ ಹನ್ನೊಂದು ವರ್ಷ ಬಿದ್ದವನು. ಟಿಕೋಟಾದಿಂದ ಸೊಲ್ಲಾಪುರದವರೆಗೆ ಟೆಂಟು ಹಾಕಿ, ಟಿಕೆಟ್ ಮಾರಿ ಆಡುತ್ತಿದ್ದ ತಂಡ ಅದು. ಯಾರು ಗೆಲ್ಲಬೇಕೆಂಬುದು ಮೊದಲೇ ತೀರ್ಮಾನವಾಗಿರುತ್ತಿತ್ತು. ಗೆಲ್ಲುವವನು ಬಬಲೇಶ್ವರದ ಕಡೆಯ ಸಾರವಾಡದ ಶಿವಾಜಿ. ಸೋಲುವವನು ಕರಿ ಮುಸುಕು ಹಾಕಿಕೊಂಡ ಸಾಬಣ್ಣ. ಮುಖವೇ ಕಾಣದವನನ್ನು ಬೈಯಲು ಜನಕ್ಕೂ ಅನುಕೂಲ.

ಅವರೊಳಗೊಂದು ಗುಟ್ಟಿನ ಪದ್ಧತಿಯಿತ್ತು. ಕುಸ್ತಿಗೆ ಮುಂಚೆ ಕೈ ಕುಲುಕುವಾಗ, ಬೀಳಬೇಕಾದವನು ಎದುರಾಳಿಯ ಅಂಗೈಯನ್ನು ಎರಡು ಸಲ ಒತ್ತಬೇಕು. 'ನಾನು ಬೀಳುತ್ತೇನೆ, ನೀನು ಹುಷಾರು' ಎಂದು ಅದರ ಅರ್ಥ. ಹನ್ನೊಂದು ವರ್ಷವೂ ಒತ್ತಿದವನು ಸಾಬಣ್ಣನೇ.

ಒಂದು ದಿನ ಟಿಕೋಟಾದ ಆಟಕ್ಕೆ ಬಿಜ್ಜರಗಿಯಿಂದ ಅವನ ತಾಯಿ ಪರಸವ್ವ ಬಂದು ಮುಂದಿನ ಸಾಲಿನಲ್ಲೇ ಕುಳಿತಳು. ಶಿವಾಜಿ ಅವಳನ್ನು ನೋಡಿದ. ಕೈ ಕುಲುಕುವಾಗ ತಾನೇ ಎರಡು ಸಲ ಒತ್ತಿಬಿಟ್ಟ. ಸಾಬಣ್ಣನ ಕೈಯಾದರೂ ಸುಮ್ಮನಿರಬೇಕಲ್ಲ, ರೂಢಿಯಂತೆ ಅದೂ ಎರಡು ಸಲ ಒತ್ತಿತು. ಇಬ್ಬರೂ ಒಟ್ಟಿಗೇ ಬಿದ್ದರು. ಟೆಂಟಿಗೆ ಟೆಂಟೇ ನಕ್ಕಿತು. ಶಿವಾಜಿ ಮಾತ್ರ ಏಳಲಿಲ್ಲ. ಸಾಬಣ್ಣ ಎದ್ದು ನಿಂತ, ಗೆದ್ದ. ಪರಸವ್ವ ಸಾಯುವತನಕ ಆ ಗೆಲುವನ್ನು ಬಿಜ್ಜರಗಿ ತುಂಬ ಹೇಳಿಕೊಂಡು ತಿರುಗಿದಳು. ಶಿವಾಜಿಯನ್ನು ತಂಡದ ಮಾಲೀಕ ಹಿಗ್ಗಾಮುಗ್ಗಾ ಬೈದು ಮನೆಗೆ ಕಳಿಸಿದ.

ಸಾಬಣ್ಣ ಶಿವಾಜಿಗೆ ಒಂದು ಒಳ್ಳೆಯ ಮಾತನ್ನೂ ಆಡಲಿಲ್ಲ. ಆಡಿದರೆ ಗೆಲುವು ತನ್ನದಲ್ಲವೆಂದು ಒಪ್ಪಿಕೊಂಡ ಹಾಗೆ. ಮೂವತ್ತೈದು ವರ್ಷ ಹೀಗೇ ಕಳೆದವು. ಸಾರವಾಡಕ್ಕೆ ಬಸ್ಸಿಗೇನು ಬರವಿರಲಿಲ್ಲ, ಹೋಗಲು ಮುಖವಿರಲಿಲ್ಲ.

ಈಗ ಯಾರೋ ಆ ತಂಡದ ಮೇಲೊಂದು ಸಾಕ್ಷ್ಯಚಿತ್ರ ಮಾಡಿದ್ದರು. ಭಾನುವಾರ ಬೆಳಿಗ್ಗೆ ವಿಜಯಪುರದ ಸಭಾಭವನವೊಂದರಲ್ಲಿ ಅದರ ಪ್ರದರ್ಶನ. ಸಾಬಣ್ಣನ ಮೊಮ್ಮಗಳು ಗೌತಮಿ ಕಾಲೇಜಿನ ಗೆಳತಿಯರನ್ನೆಲ್ಲ ಕರೆದುಕೊಂಡು ಬಂದಿದ್ದಳು.

"ಟಿಕೋಟಾದಾಗ ನೀ ಗೆದ್ದಿದ್ದು ತೋರಸ್ತಾರ ಹೌದಲ್ಲ ಮುತ್ಯಾ?" ಎಂದಳು.

ಸಾಬಣ್ಣ ಹೂಂ ಎನ್ನುತ್ತ ಪರದೆಯ ಕಡೆ ತಿರುಗಿದ. ಶಿವಾಜಿ ಕ್ಯಾಮೆರಾದ ಮುಂದೆ ನಿಜ ಹೇಳಿದ್ದರೆ ಈ ಹುಡುಗಿಗೆ ಹೇಗೆ ಮುಖ ತೋರಿಸುವುದು?

ಪರದೆಯ ಮೇಲೆ ಶಿವಾಜಿ ಬಂದ. ಮೀಸೆ ಬೆಳ್ಳಗಾಗಿತ್ತು, ಬೆನ್ನ ಹಿಂದೆ ಟ್ರ್ಯಾಕ್ಟರ್ ನಿಂತಿತ್ತು. "ಟಿಕೋಟಾದಲ್ಲಿ ನಿಜವಾಗಿಯೂ ಸೋತಿರಾ?" ಎಂದು ಯಾರೋ ಕೇಳಿದರು.

"ಸಾಬಣ್ಣನ ಪಟ್ಟು ಅಂದ್ರ ಕಬ್ಬಿಣರಿ. ಅವತ್ತ ನನಗ ಏಳಾಕ ಆಗಲಿಲ್ಲ" ಎಂದ ಶಿವಾಜಿ, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ.

ಗೌತಮಿ ಮುತ್ಯಾನ ಭುಜ ಹಿಡಿದು ಅಲ್ಲಾಡಿಸಿದಳು. ಗುಟ್ಟು ಉಳಿದಿತ್ತು. ಬುದ್ಧಿ ಇದ್ದವನು ಅಷ್ಟಕ್ಕೇ ಚಹಾ ಕುಡಿದು ಮನೆಗೆ ಹೋಗುತ್ತಿದ್ದ. ಆದರೆ ಚಿತ್ರ ಮುಗಿದು, ಎರಡು ಮಾತಾಡಿ ಎಂದು ವೇದಿಕೆಗೆ ಕರೆದು ಮೈಕು ಕೊಟ್ಟಾಗ ಸಾಬಣ್ಣನಿಗೆ ತಡೆಯಲಾಗಲಿಲ್ಲ.

"ಶಿವಾಜಿ ಸುಳ್ಳ ಹೇಳ್ಯಾನ್ರಿ. ನಮ್ಮವ್ವ ನೋಡಾಕ ಬಂದಾಳಂತ ಅವ ತಾನಾಗೇ ಬಿದ್ದ. ಅದರಿಂದ ಅವನ ಕೆಲಸ ಹೋತು. ನಾ ಒಂದಿನಾನೂ ಹೋಗಿ ಮಾತಾಡಸಲಿಲ್ಲ. ನಂದು ತಪ್ಪಾತ್ರಿ."

ಗೌತಮಿ ತಲೆ ತಗ್ಗಿಸಿದ್ದನ್ನು ಕಂಡು ಸಾಬಣ್ಣ ಮೈಕು ಕೆಳಗಿಳಿಸಿದ. ಅಷ್ಟರಲ್ಲಿ, ಅಲ್ಲಿಯತನಕ ಸಾಬಣ್ಣನ ಕಣ್ಣಿಗೆ ಬೀಳದೆ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಶಿವಾಜಿ ಎದ್ದು, ಮೊಣಕಾಲು ಹಿಡಿದುಕೊಂಡು ವೇದಿಕೆ ಹತ್ತಿ, ಮೈಕು ಕಸಿದುಕೊಂಡ.

"ಲೇ ಸಾಬ್ಯಾ, ನಿಮ್ಮವ್ವಗ ಅವತ್ತೇ ಎಲ್ಲಾ ಗೊತ್ತಾಗಿತ್ತಲೇ. ಮರುದಿನ ಬಸ್‌ಸ್ಟ್ಯಾಂಡಿಗೆ ಬಂದು ನನಗ ರೊಟ್ಟಿ ಬುತ್ತಿ ಕೊಟ್ಲು. ಏನಂದ್ಲು ಗೊತ್ತೇನು? 'ನನ್ನ ಮಗನ್ನ ಗೆಲ್ಲಿಸಿದಿ, ಚಲೋ ಆತು. ಆದ್ರ ನಿನಗ ಬೀಳಾಕ ಬರಂಗಿಲ್ಲ ಯಪ್ಪಾ. ಬೀಳೂದು ನನ್ನ ಮಗನ್ನ ನೋಡಿ ಕಲಿ.'"

ಸಾಬಣ್ಣ ಎಲ್ಲರೆದುರೇ ಅತ್ತುಬಿಟ್ಟ. ಕೆಳಗಿನಿಂದ ಗೌತಮಿ, ತಾನೂ ಕಣ್ಣೊರೆಸಿಕೊಳ್ಳುತ್ತ, "ಹಂಗಾರ ಬಿದ್ದ ತೋರಸು ಮುತ್ಯಾ" ಎಂದಳು.

ಸಾಬಣ್ಣ ಶಿವಾಜಿಯ ಕೈ ಹಿಡಿದು ಎರಡು ಸಲ ಒತ್ತಿದ.