ಅಮ್ಮನ ಮೊಳದ ಮನೆ

ಜೆ.ಪಿ. ನಗರದ ಈ ಫ್ಲ್ಯಾಟಿಗೆ ಬಂದು ಇನ್ನೂ ಹೆಚ್ಚು ದಿನವಾಗಿಲ್ಲ. ಇಲ್ಲಿನ ಬಾಗಿಲುಗಳು ಆನೆ ಬೇಕಾದರೂ ಒಳಗೆ ಬರಲಿ ಎನ್ನುವಷ್ಟು ಎತ್ತರ. ಆದರೂ ಅಡುಗೆಮನೆಯ ಬಾಗಿಲು ದಾಟುವಾಗ ನನ್ನ ತಲೆ ತಾನಾಗಿಯೇ ಬಗ್ಗುತ್ತದೆ. ನಿನ್ನೆ ಕಾಫಿ ಲೋಟ ಇಡಲು ಒಳಗೆ ಹೋದಾಗ ನನ್ನ ಹೆಂಡತಿ ಶಾರದಾ ನಕ್ಕಳು.

"ಯಾರಿಗ್ರೀ ನಮಸ್ಕಾರ? ನನಗೋ, ಗ್ಯಾಸ್ ಒಲೆಗೋ?"

ನಿಜ ಹೇಳಬೇಕೆಂದರೆ ನನ್ನ ನಮಸ್ಕಾರ ಇಟ್ಟಮಡುವಿನ ಒಂದು ಬಾಗಿಲಿಗೆ. ಆ ಬಾಗಿಲು ಹೋಗಿ ಎಷ್ಟೋ ಕಾಲವಾಯಿತು. ಮನೆಯಿದ್ದ ಜಾಗದಲ್ಲಿ ಈಗ ಅಂತಸ್ತಿನ ಮೇಲೆ ಅಂತಸ್ತು ಎದ್ದಿದೆ. ನನ್ನ ಕುತ್ತಿಗೆಗೆ ಮಾತ್ರ ಆ ಸುದ್ದಿ ಇನ್ನೂ ತಲುಪಿಲ್ಲ.

ಮುಂದೆ ಹೇಳುವ ಮೊದಲು ಒಂದು ಮಾತು. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ, ನೀವೂ ನಂಬಬೇಕಾಗಿಲ್ಲ. ಆಗ ನಾನು ಕಾಲೇಜಿನಲ್ಲಿದ್ದೆ, ಶ್ರದ್ಧೆಯಿಂದ ದಿನಚರಿ ಬರೆಯುತ್ತಿದ್ದೆ. ಆದರೆ ಆ ವರ್ಷದ ಪುಟಗಳಲ್ಲಿ ಬದುಕಿನ ಅರ್ಥವೇನೆಂಬ ಚಿಂತೆ ಧಾರಾಳವಾಗಿದೆಯೇ ಹೊರತು, ಕಣ್ಣೆದುರೇ ಏಳುತ್ತಿದ್ದ ಮನೆಯ ಬಗ್ಗೆ ಒಂದು ಸಾಲೂ ಇಲ್ಲ.

ಐವತ್ತರ ದಶಕದ ಕೊನೆಯಿರಬೇಕು. ನಾವು ಬಸವನಗುಡಿಯ ಒಂದು ವಠಾರದಲ್ಲಿದ್ದೆವು. ಅಪ್ಪ ಸರ್ಕಾರಿ ಕಚೇರಿಯಲ್ಲಿ ಕಟ್ಟಡಗಳ ನಕ್ಷೆ ಬರೆಯುತ್ತಿದ್ದರು. ಯಾರು ಯಾರದೋ ಕಟ್ಟಡ ಎಳೆದೂ ಎಳೆದೂ ಅವರಿಗೆ ಸಿಮೆಂಟಿನ ಮೇಲೆಯೇ ವೈರಾಗ್ಯ ಬಂದಿತ್ತು. ಹೊಸದಾಗಿ ಬೆಳೆಯುತ್ತಿದ್ದ ಜಯನಗರದಲ್ಲಿ ಸೋದರಮಾವ ತಾರಸಿ ಮನೆ ಕಟ್ಟಿಸಿದರೆ, ಅಪ್ಪ ಇಟ್ಟಮಡುವಿನ ರಾಗಿ ಹೊಲಗಳ ಅಂಚಿನಲ್ಲಿ ಒಂದು ತುಂಡು ನೆಲ ಕೊಂಡರು. ತಮಗೆ ಬೇಕಾದದ್ದನ್ನೆಲ್ಲ ತಾನೇ ಕೊಡುವ ಒಂದು ಪುಟ್ಟ ಮಣ್ಣಿನ ಮನೆ ಅವರ ಕನಸು.

ಕಂದು ಕಾಗದದ ಮೇಲೆ ನಕ್ಷೆ ಸಿದ್ಧವಾಯಿತು. ಬಾವಿ ತೋಡಿದ ಮಣ್ಣಿನಿಂದಲೇ ಗೋಡೆ. ಬಿದಿರಿನ ಸೂರು, ಅದರ ಮೇಲೆ ನಾಡಹೆಂಚು. ಬಚ್ಚಲಿನ ನೀರು ಬಾಳೆಗೆ, ಬಾಳೆಯೆಲೆ ಊಟಕ್ಕೆ, ಉಂಡ ಎಲೆ ಹಸುವಿಗೆ, ಹಸುವಿನ ಸೆಗಣಿ ನೆಲಕ್ಕೂ ಒಲೆಗೂ. ಒಂದರಿಂದ ಇನ್ನೊಂದಕ್ಕೆ ಅಂದವಾದ ಬಾಣದ ಗುರುತುಗಳು.

"ಹೊರಗಿಂದ ಉಪ್ಪೊಂದು ತಂದ್ರೆ ಸಾಕು ಕಣೇ," ಅಂದರು ಅಪ್ಪ.

ಅಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಕಾಗದವನ್ನು ಸ್ವಲ್ಪ ಹೊತ್ತು ನೋಡಿದಳು.

"ಅದ್ಸರಿ, ಈ ಬಾಣ ಎಲ್ಲಾ ತಾವಾಗೇ ನಡ್ಕೊಂಡ್ ಹೋಗ್ತಾವಾ?"

"ಅಂದ್ರೆ?"

"ನೀರು ಸೇದೋಳು ನಾನು, ಸೆಗಣಿ ಬಾಚೋಳು ನಾನು, ನೆಲ ಸಾರಿಸೋಳು ನಾನು. ನಮ್ಮಪ್ಪನ ಮಣ್ಣಿನ ಮನೇಲಿ ಅದನ್ನೇ ಮಾಡಿ ಸಾಕಾಗಿತ್ತು. ಬೆಂಗಳೂರು ಗಂಡು, ತಿರುಗಿಸಿದ್ರೆ ನಲ್ಲೀಲಿ ನೀರು ಬರುತ್ತೆ ಅಂದ್ರು, ಒಪ್ಕೊಂಡೆ. ಈಗ ನೀವು ನನ್ನ ವಾಪಸ್ ಅಲ್ಲಿಗೇ ಕರ್ಕೊಂಡ್ ಹೋಗ್ತಿದೀರ. ನೀವು ಬೇಕಾದ್ರೆ ಹೋಗಿ. ನಾನು ಬರಲ್ಲ."

ಅವಳು ದನಿಯೇರಿಸಲಿಲ್ಲ. ಕಾಗದ ಸುರುಳಿಯಾಗಿ ಅಟ್ಟ ಸೇರಿತು. ಆಮೇಲೆ ಅಪ್ಪ ಊಟಕ್ಕೆ ಕೂತಾಗೆಲ್ಲ ಸಾರನ್ನು ಅಗತ್ಯಕ್ಕಿಂತ ಹೆಚ್ಚು ಹೊಗಳುತ್ತಿದ್ದರು. ಅಮ್ಮ ಬಗ್ಗಲಿಲ್ಲ.

ಒಂದು ಭಾನುವಾರ ಅಪ್ಪ ಕಾಗದವನ್ನು ಮತ್ತೆ ಬಿಚ್ಚಿ, ಪೆನ್ಸಿಲನ್ನು ಅವಳ ಮುಂದೆ ಇಟ್ಟರು. "ಹಾಗಾದ್ರೆ ನೀನೇ ಬರಿ."

ಅಮ್ಮ ಪೆನ್ಸಿಲ್ ಮುಟ್ಟಲಿಲ್ಲ. ರಂಗೋಲಿ ಬಟ್ಟಲು ಹಿಡಿದು ವಠಾರದ ಅಂಗಳಕ್ಕಿಳಿದಳು. ಅಡುಗೆಮನೆಯನ್ನು ಅದರ ನಿಜವಾದ ಅಳತೆಯಲ್ಲೇ ನೆಲದ ಮೇಲೆ ಬರೆದು, ಗೆರೆಗಳೊಳಗೆ ಓಡಾಡಿ ನೋಡಿದಳು. ಒಲೆಯಿಂದ ಕಿಟಕಿಗೆ, ಕಿಟಕಿಯಿಂದ ಒರಳಿಗೆ. ಸರಿಬರದ ಕಡೆ ಕಾಲಲ್ಲಿ ಒರೆಸಿ ಮತ್ತೆ ಎಳೆದಳು. ಅಪ್ಪ ಟೇಪು ಹಿಡಿದು ಹಿಂದೆ ಹಿಂದೆ.

"ಏನ್ರೀ ಕಮಲಮ್ಮ, ಹಬ್ಬ ಇಲ್ದೇ ಇಷ್ಟು ದೊಡ್ಡ ರಂಗೋಲಿ?" ಪಕ್ಕದ ಮನೆಯಾಕೆ ಕೇಳಿದರು.

"ಮನೆ ಕಟ್ತಿದೀನಿ, ಗೋಡೆ ತುಳೀಬೇಡಿ!"

ಅಂದೇ ಒಪ್ಪಂದವಾಯಿತು. ಬಾವಿ ಹಿತ್ತಲಿನ ಮೂಲೆಯಿಂದ ಅಡುಗೆಮನೆಯ ಕಿಟಕಿಯ ಕೆಳಗೆ ಬರಬೇಕು, ಒಳಗೆ ನಿಂತೇ ನೀರು ಸೇದುವಂತಿರಬೇಕು. ನೆಲಕ್ಕೆ ಸೆಗಣಿಯಲ್ಲ, ಕಲ್ಲುಚಪ್ಪಡಿ. "ಹಸು ಬೇಕಿದ್ರೆ ಹಸುವಿನ ಹಿಂದೆ ನೀವೇ ನಿಲ್ಲಿ," ಅಂದಳು. ಅಪ್ಪ ನಿಂತರು, ಎಷ್ಟೋ ವರ್ಷ.

ಇನ್ನು ಮೊಳದ ವಿಷಯ. ಮನೆ ಕಟ್ಟಲು ಒಪ್ಪಿದವನು ಇಟ್ಟಮಡುವಿನವನೇ ಆದ ಮುನಿಶಾಮಪ್ಪ. ಅವನ ಪದ್ಧತಿಯಲ್ಲಿ ಮೊದಲ ಕೆಲಸ, ಮನೆಯ ಯಜಮಾನನ ಮೊಣಕೈಯಿಂದ ನಡುಬೆರಳ ತುದಿಯವರೆಗೆ ಅಳೆದು ಒಂದು ಕೋಲು ಕತ್ತರಿಸುವುದು. ಆ ಕೋಲೇ ಆ ಮನೆಯ ಮೊಳ. ಗೋಡೆ, ಕಿಟಕಿ, ಬಾಗಿಲು ಎಲ್ಲಕ್ಕೂ ಅದೇ ಅಳತೆ.

"ಕೈ ಕೊಡಿ ಸ್ವಾಮಿ," ಅಂದ.

ಅಪ್ಪ ಕೈ ಚಾಚಿದವರು ಹಿಂದಕ್ಕೆ ಎಳೆದುಕೊಂಡರು. "ಇವಳದ್ದು ತಗೊಳ್ಳಪ್ಪ. ಒಳಗೆ ಓಡಾಡೋಳು ಇವಳು."

"ಹೆಣ್ಣೈಕ್ಳ ಮೊಳ್ದಾಗೆ ಮನೆನಾ? ಊರೋರು ನಗ್ತಾರೆ ಸ್ವಾಮಿ!"

"ನಗಲಿ ಬಿಡು."

ಅಮ್ಮ ಬಳೆಗಳನ್ನು ಮೇಲಕ್ಕೆ ಸರಿಸಿ ಕೈ ನೀಡಿದಳು.

ಇದು ನನ್ನ ನೆನಪು. ಆದರೆ ನನ್ನ ಅಕ್ಕ ಹೇಳುವುದೇ ಬೇರೆ. ಆ ದಿನ ಅಪ್ಪ ಕಚೇರಿಗೆ ಹೋಗಿದ್ದರಂತೆ. ಮುಹೂರ್ತ ಮೀರುತ್ತದೆಂದು ಮುನಿಶಾಮಪ್ಪ ಅಲ್ಲಿದ್ದ ಅಮ್ಮನ ಕೈಯನ್ನೇ ಅಳೆದನಂತೆ. ಅಪ್ಪನ ಔದಾರ್ಯವೆಲ್ಲ ಆಮೇಲೆ ಕಟ್ಟಿದ ಕಥೆಯಂತೆ. ಒಮ್ಮೆ ಅಪ್ಪನನ್ನೇ ಕೇಳಿದೆ. ಅವರು ಹಣೆ ಉಜ್ಜಿಕೊಂಡು ನಕ್ಕರು, ಅಷ್ಟೆ.

ಹಣೆಗೆ ಕಾರಣವಿತ್ತು. ಬಾಗಿಲಿನ ಎತ್ತರ ನಾಲ್ಕು ಮೊಳ. ಅಪ್ಪನ ಮೊಳವಾಗಿದ್ದರೆ ಸಲೀಸಾಗಿ ದಾಟಬಹುದಿತ್ತು. ಗೃಹಪ್ರವೇಶದ ದಿನ ಅಮ್ಮ ಕಳಶ ಹಿಡಿದು ತಲೆಯೆತ್ತಿ ಒಳಗೆ ನಡೆದಳು. ಹಿಂದೆಯೇ ಬಂದ ಅಪ್ಪ ಹೊಸ ಬಾಗಿಲಿಗೆ ಢಣ್ಣೆಂದು ಹಣೆ ಕೊಟ್ಟರು. "ಬಗ್ಗಿ ಬನ್ನಿ," ಅಂದಳು ಅಮ್ಮ, ತಿರುಗಿ ನೋಡದೆ. ಆಗ ಅವಳ ಮುಖದಲ್ಲಿ ನಗುವಿದ್ದದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ನಾನು ಅಪ್ಪನ ಬೆನ್ನ ಹಿಂದಿದ್ದೆ, ಅವಳ ಮುಖ ಕಾಣುವ ಹಾಗೇ ಇರಲಿಲ್ಲ. ಆದರೂ ನೆನಪಿದೆ. ಇದಕ್ಕೇನು ಹೇಳುತ್ತೀರಿ?

ಜಯನಗರದ ಮಾವ ಮನೆ ನೋಡಲು ಬಂದು ಹೊಸ್ತಿಲಲ್ಲೇ ನಿಂತರು. "ಏನಮ್ಮ, ಗುಬ್ಬಚ್ಚಿ ಗೂಡು ಕಟ್ಟಿಸ್ಕೊಂಡಿದೀಯ?"

"ತಲೆ ಬಗ್ಗಿಸಿ ಬಾ ಅಣ್ಣ. ಇಲ್ಲಿ ಎಲ್ಲಾರೂ ಬಗ್ಗೋರೇ, ನಾನೊಬ್ಬಳು ಬಿಟ್ಟು."

ಸ್ವಾವಲಂಬನೆಯ ಗತಿಯನ್ನೂ ಹೇಳಿಬಿಡುತ್ತೇನೆ. ಬಾಳೆ, ನುಗ್ಗೆ, ಸೊಪ್ಪು, ಹಾಲು ಎಲ್ಲ ಒದಗಿಬಂದವು. ಆದರೆ ಕಾಫಿ ಗಿಡ ಇಟ್ಟಮಡುವಿನಲ್ಲಿ ಬರಲಿಲ್ಲ. ಅಪ್ಪನ ಇಡೀ ಸಿದ್ಧಾಂತ ಬೆಳಗಿನ ಕಾಫಿಯಲ್ಲಿ ಮುಳುಗಿ, ವಾರಕ್ಕೊಮ್ಮೆ ಸೈಕಲ್ಲೇರಿ ಗಾಂಧಿ ಬಜಾರಿಗೆ ಹೋಗಿ ಪುಡಿ ತರುತ್ತಿತ್ತು. ಮನೆ ಕಟ್ಟುವಾಗ ಮಣ್ಣು ತುಳಿದ ನಾನಂತೂ ದೇಶವನ್ನೇ ಕಟ್ಟಿದವನಂತೆ ಓಡಾಡಿದ್ದೆ. ಎರಡನೆಯ ದಿನವೇ ಕಾಲುನೋವೆಂದು ಮಲಗಿದ್ದನ್ನು ಅಕ್ಕ ಮಾತ್ರ ಮರೆತಿಲ್ಲ.

ಅಪ್ಪನ ಬಾಣಗಳಲ್ಲಿ ಒಂದಾದರೂ ಸರಿಯಾಗಿ ತಲುಪಿತೆಂದರೆ ಅದು ಆ ಕಿಟಕಿ. ಅಮ್ಮ ಒಲೆಯ ಪಕ್ಕ ನೆಟ್ಟಗೆ ನಿಂತು, ಕೈ ಚಾಚಿ ಹಗ್ಗ ಹಿಡಿದು, ಹಾಡು ಗುನುಗುತ್ತ ನೀರು ಸೇದುತ್ತಿದ್ದಳು.

ನಿನ್ನೆ ಇದನ್ನೆಲ್ಲ ಶಾರದೆಗೆ ಹೇಳುತ್ತಿದ್ದಾಗ ಅವಳು ಚಪಾತಿ ಲಟ್ಟಿಸುತ್ತಿದ್ದಳು. ಆಗ ನೋಡಿದೆ. ಅವಳು ನಿಂತಿದ್ದದ್ದು ಊಟದ ಮಣೆಯ ಮೇಲೆ. ಮಣೆಯಿಲ್ಲದಿದ್ದರೆ ಅಡುಗೆಕಟ್ಟೆ ಅವಳ ಎದೆಯ ಹತ್ತಿರಕ್ಕೆ ಬರುತ್ತಿತ್ತು.

"ಯಾವಾಗಿಂದ ಮಣೆ ಮೇಲೆ ನಿಲ್ತಿದೀಯ?"

"ಬಂದ ದಿನದಿಂದ. ಯಾಕೆ?"

"ಕೈ ಕೊಡು."

"ಈ ವಯಸ್ಸಲ್ಲಿ ಇದೇನ್ರೀ? ಹಿಟ್ಟಾಗಿದೆ ಕೈ."

ಹಿಟ್ಟಿನ ಕೈಯನ್ನೇ ಹಿಡಿದು, ಮೊಣಕೈಯಿಂದ ಬೆರಳ ತುದಿಯವರೆಗೆ ಒಂದು ದಾರ ಎಳೆದು ಕತ್ತರಿಸಿದೆ. ಕಟ್ಟೆ ಒಡೆದು ತಗ್ಗಿಸಲು ನಾಳೆ ಜನ ಬರುತ್ತಾರೆ.

"ಆಮೇಲೆ ಪಾತ್ರೆ ತೊಳೆಯೋವಾಗ ನೀವು ಬಗ್ಗಬೇಕಾಗುತ್ತೆ," ಅಂದಳು.

"ನನಗೆ ಅಭ್ಯಾಸ ಇದೆ," ಅಂದೆ.