ಅಕ್ಕ ಪ್ರಸಾದಕ್ಕೆ ಏಳದ ಭಾನುವಾರ

ಒಂದು ಮಾತು ಆಡಿದ್ದರೆ ಅಕ್ಕನ ಹೆಸರು ಉಳಿಯುತ್ತಿತ್ತು. ನಾನು ಆಡಲಿಲ್ಲ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು ನಾನು, ಬರೆಯಲು ತಿಣುಕುತ್ತೇನೆ. ಆದರೂ ಇದನ್ನು ಬೇರೆಯವರ ಕೈಯಲ್ಲಿ ಬರೆಸುವಂತಿಲ್ಲ.

ಹಲಗೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಕ್ರೈಸ್ತರ ಮನೆಗಳು ಕೆಲವೇ. ಪಾದ್ರಿ ಸ್ವಾಮಿಗಳು ತಿಂಗಳಿಗೊಮ್ಮೆ ಮಳವಳ್ಳಿಯಿಂದ ಸೈಕಲ್ಲಿನಲ್ಲಿ ಬಂದು ನಮ್ಮ ಪುಟ್ಟ ಗುಡಿಯಲ್ಲಿ ಪೂಜೆ ನಡೆಸುತ್ತಿದ್ದರು. ಪ್ರಸಾದ ತೆಗೆದುಕೊಳ್ಳುವವರು ನಡುರಾತ್ರಿಯಿಂದ ತೊಟ್ಟು ನೀರನ್ನೂ ಕುಡಿಯುವಂತಿರಲಿಲ್ಲ. ಯಾಕೆಂದು ಹೇಳಿಕೊಟ್ಟವಳು ಅಕ್ಕ. ಸ್ವಾಮಿಗಳು ಮಂತ್ರ ಹೇಳುವವರೆಗೆ ಅದು ಗೋಧಿ ರೊಟ್ಟಿ; ಆಮೇಲೆ ರೊಟ್ಟಿಯ ರೂಪ ಮಾತ್ರ, ಇರುವವನು ಯೇಸುಸ್ವಾಮಿಯೇ. ಅವನ ರಕ್ತವಾಗುವ ದ್ರಾಕ್ಷಾರಸವನ್ನು ಸ್ವಾಮಿಗಳೊಬ್ಬರೇ ಕುಡಿಯುತ್ತಾರಲ್ಲ, ನಮಗೆ ಅರ್ಧ ದೇವರೇನಾ ಎಂದು ಕೇಳಿದ್ದೆ.

"ಪೆದ್ದಿ, ಜೀವ ಇರೋ ಮೈಲಿ ರಕ್ತ ಇರಾಕಿಲ್ವಾ? ಚೂರಲ್ಲೂ ಪೂರಾ ಅವ್ನೇ ಕಣೇ," ಎಂದು ತಲೆಗೆ ಮೊಟಕಿದ್ದಳು.

ಆ ಭಾನುವಾರ ಅಕ್ಕನನ್ನು ನೋಡಲು ಮಂಡ್ಯದ ಕಡೆಯವರು ಪೂಜೆಗೇ ಬರುವವರಿದ್ದರು. ಅವಳಿಗೆ ಜ್ವರ. ಹೊತ್ತೇರಿದರೂ ಸ್ವಾಮಿಗಳ ಸುಳಿವಿಲ್ಲ. ನೋಡಿಕೊಂಡು ಬಾ ಎಂದು ಅವ್ವ ನನ್ನನ್ನು ರಸ್ತೆಗೆ ಅಟ್ಟಿದಳು. ನಾನು ಕೆರೆ ಕೆಳಗಿನ ಗದ್ದೆಗೆ ಇಳಿದು ಕಬ್ಬು ಮುರಿದು ತಿಂದೆ. ತಿಂದ ಮೇಲೆ ಉಪವಾಸ ನೆನಪಾಯಿತು. ಇವತ್ತು ಸ್ವಾಮಿಗಳು ಬರದಿದ್ದರೇ ಚೆನ್ನ ಅನ್ನಿಸಿತು. ಮನೆಗೆ ಬಂದರೆ ಅಕ್ಕ ಒಬ್ಬಳೇ ಇದ್ದಳು. ಅವಳೂ ತಿಂದರೆ ಪ್ರಸಾದಕ್ಕೆ ಏಳದವಳು ನಾನೊಬ್ಬಳೇ ಆಗುವುದಿಲ್ಲ ಅನ್ನಿಸಿತು.

"ಸ್ವಾಮ್ಗೋಳು ಬರಾಕಿಲ್ವಂತೆ ಕಣಕ್ಕ."

"ನಿಜ್ವೇನೇ?"

"ಊಂ, ದಾರೀಲಿ ಓಗೋರು ಯೋಳುದ್ರು. ಗಂಜಿ ಕುಡ್ದು ಮನಿಕ್ಕೋ."

ಅವಳು ಕುಡಿದಳು. ಸ್ವಲ್ಪ ಹೊತ್ತಿಗೆ ಬೀದಿಯಲ್ಲಿ ಸೈಕಲ್ ಗಂಟೆ ಕೇಳಿತು.

ಪ್ರಸಾದದ ಹೊತ್ತಿಗೆ ಎಲ್ಲರೂ ಎದ್ದರು, ಅಕ್ಕ ಏಳಲಿಲ್ಲ. ನಾನೂ ಕೂತಿರಬೇಕಿತ್ತು. ಕೂತರೆ ಏನು ತಿಂದೆ ಎಂದು ಅವ್ವ ಕೇಳುತ್ತಾಳೆ, ಕಬ್ಬೂ ಸುಳ್ಳೂ ಹೊರಬೀಳುತ್ತವೆ. ಎದ್ದು ಹೋಗಿ ಮೊಣಕಾಲೂರಿ ನಾಲಿಗೆ ಚಾಚಿದೆ. ಹಲ್ಲಿನ ಸಂದಿಯಲ್ಲಿ ಇನ್ನೂ ಕಬ್ಬಿನ ನಾರಿತ್ತು. ದೇವರನ್ನು ಅಂಥ ಬಾಯಲ್ಲಿ ಇಟ್ಟುಕೊಂಡೆ.

ಹೊರಗೆ ಬಂದಾಗ ಗಂಡಿನ ತಾಯಿ ಎಲ್ಲರ ಮುಂದೆಯೇ ಕೇಳಿದಳು: "ಯಾಕಮ್ಮ, ಸ್ವಾಮ್ಗೋಳು ನಿನ್ ಪಾಪ ಕ್ಷಮಿಸ್ನಿಲ್ವಾ?"

"ಗಂಜಿ ಕುಡ್ದುಬುಟ್ಟಿದ್ದೆ. ಸ್ವಾಮ್ಗೋಳು ಬರಾಕಿಲ್ಲ ಅಂದ್ರು."

"ಯಾರು ಅಂದೋರು?"

ಅಕ್ಕ ನನ್ನತ್ತ ನೋಡಿದಳು. ನಾನು ನೆಲ ನೋಡಿದೆ.

"ಯಾರೋ," ಎಂದಳು ಅಕ್ಕ.

"ಎಣ್ ನೋಡಾಕ್ ಬಂದ ದಿನ್ವೇ ಈಪಾಟಿ ಅಸಿವಾ? ಚೆನ್ನಾಗದೆ ಕಣಮ್ಮ ಕತೆ!" ಎಂದು ಆಕೆ ನಕ್ಕಳು.

ದೊಡ್ಡವಳು ಏನೋ ಮಾಡಿಕೊಂಡಿದ್ದಾಳಂತೆ, ಪ್ರಸಾದಕ್ಕೇ ಹೋಗಲಿಲ್ಲವಂತೆ ಎಂದು ಊರು ಆಡಿಕೊಂಡಿತು. ಮಂಡ್ಯದವರು ಚಿಕ್ಕವಳನ್ನು ಕೊಡಿ, ಅವಳಲ್ಲಿ ಭಕ್ತಿ ಕಾಣುತ್ತದೆ ಎಂದು ಹೇಳಿ ಕಳಿಸಿದರು. ಆಗಲೂ ನಾನು ಬಾಯಿ ಬಿಡಲಿಲ್ಲ. ನನ್ನ ಮದುವೆಯ ದಿನ ಸೀರೆಯ ನೆರಿಗೆ ಹಿಡಿದವಳು ಅಕ್ಕನೇ. ಎರಡು ವರ್ಷದ ಮೇಲೆ ಅವಳನ್ನು ಪೂರಿಗಾಲಿ ಕಡೆಯ ಒಬ್ಬ ವಯಸ್ಸಾದ ವಿಧುರನಿಗೆ ಕೊಟ್ಟರು. ಅವನ ಮಕ್ಕಳನ್ನು ಸಾಕುವುದೇ ಅವಳ ಬಾಳಾಯಿತು.

ನನ್ನ ಗಂಡ ಒಳ್ಳೆಯವನು. ಅದೇ ನನಗೆ ಕಷ್ಟವಾಗುತ್ತಿತ್ತು. ಪ್ರಸಾದ ನಾಲಿಗೆ ಮುಟ್ಟಿದಾಗಲೆಲ್ಲ, ಎಲ್ಲ ಬಲ್ಲವನು ಒಳಗೆ ಬರುತ್ತಿದ್ದಾನೆ ಅನ್ನಿಸುತ್ತಿತ್ತು. ಕೊನೆಗೊಮ್ಮೆ ಸ್ವಾಮಿಗಳ ಮುಂದೆ ಪಾಪ ಒಪ್ಪಿಕೊಂಡೆ.

"ದೇವರು ಕ್ಷಮಿಸಿದನಮ್ಮ. ಅಕ್ಕನ ಹತ್ತಿರ ಯಾವಾಗ ಹೋಗುತ್ತೀಯ?" ಎಂದರು.

ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ಹೋದೆ. ಅಕ್ಕ ಜಗಲಿಯಲ್ಲಿ ಹುರುಳಿಯ ಕಲ್ಲು ಆರಿಸುತ್ತಿದ್ದಳು. ಕಬ್ಬು ತಿಂದದ್ದು, ಸುಳ್ಳು ಹೇಳಿದ್ದು, ತಿಂದ ಬಾಯಲ್ಲೇ ಪ್ರಸಾದ ತೆಗೆದುಕೊಂಡದ್ದು ಎಲ್ಲ ಹೇಳಿದೆ. ಅವಳ ಕೈ ನಿಂತಿತು.

"ನೀನೂ ಯಾರ್ದೋ ಮಾತ್ ನಂಬಿದ್ದೆ ಅನ್ಕಂಡಿದ್ದೆ ಕಣೇ. ನಿಂಗೆ ಬೈತಾರೆ ಅಂತ ಸುಮ್ಕಾದೆ," ಎಂದಳು. ಮುಖ ಆಚೆ ತಿರುಗಿಸಿಕೊಂಡಳು.

ನಾನು ಅವಳ ಕಾಲು ಹಿಡಿದೆ.

"ತಪ್ಪಾಯ್ತು ಕಣಕ್ಕ. ಬೇಕೂಂತ್ಲೇ ಸುಳ್ ಯೋಳ್ದೆ. ಆಮೇಲೂ ನಿನ್ನ ಒಬ್ಳನ್ನೇ ಕೂರಿಸ್ಬುಟ್ಟು ಎದ್ ಓದೆ. ತಪ್ಪಾಯ್ತು."